ಪೊಲೀಸ್ ಸೇವೆ ಮುಗಿಸಿದ ಪಿಸ್ತೂಲಿನ ಹಿಡಿಯನ್ನು ಕೈಗೆ ಹೊಂದಿಸಿಕೊಳ್ಳುವ ಬಗೆ

ಅಮೆರಿಕದ ಪೊಲೀಸ್ ಇಲಾಖೆಗಳು ಹೊಸ ಪಿಸ್ತೂಲುಗಳನ್ನು ಕೊಳ್ಳುವಾಗ ಹಳೆಯವನ್ನು ಮಾರಾಟಗಾರರಿಗೇ ಕೊಟ್ಟು, ಅವುಗಳ ಬೆಲೆಯನ್ನು ಹೊಸ ಖರೀದಿಯಲ್ಲಿ ಕಳೆದುಕೊಳ್ಳುವುದು ರೂಢಿ. 1980 ಮತ್ತು 90ರ ದಶಕಗಳಲ್ಲಿ ಇಲಾಖೆಗಳು ರಿವಾಲ್ವರ್ ಬಿಟ್ಟು ಅರೆಸ್ವಯಂಚಾಲಿತ ಪಿಸ್ತೂಲಿಗೆ ಹೊರಳಿದಾಗ ಸ್ಮಿತ್ ಅಂಡ್ ವೆಸನ್ ಮಾಡೆಲ್ 10 ರಿವಾಲ್ವರ್‌ಗಳು ಈ ದಾರಿಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಅಂಗಡಿಗೆ ಬಂದವು. 2010ರ ದಶಕದ ನಡುವಿನಲ್ಲಿ ಎಫ್‌ಬಿಐ .40 ಕ್ಯಾಲಿಬರ್ (ಗುಂಡಿನ ವ್ಯಾಸದ ಅಳತೆ) ಬಿಟ್ಟು 9 ಮಿ.ಮೀ.ಗೆ ಮರಳಿ, ಅನೇಕ ಇಲಾಖೆಗಳು ಅದೇ ಹಾದಿ ಹಿಡಿದಾಗ .40 ಕ್ಯಾಲಿಬರಿನ ಗ್ಲಾಕ್ 22 ಪಿಸ್ತೂಲುಗಳು ಹಾಗೆಯೇ ಬಂದವು. ಜರ್ಮನಿಯ ರಾಜ್ಯ ಪೊಲೀಸರು ಬಿಟ್ಟುಕೊಟ್ಟ ಸಿಗ್ ಸವರ್ ಪಿ6 ಮತ್ತು ಹೆಕ್ಲರ್ ಉಂಡ್ ಕೋಖ್ ಪಿ7 ಪಿಸ್ತೂಲುಗಳೂ ಆಮದಾಗಿ ಅದೇ ಮಾರುಕಟ್ಟೆ ಸೇರಿದವು. ಇವುಗಳಲ್ಲಿ ಬಹುಪಾಲು ಹೊರಗೆ ಒರೆಯ ಉಜ್ಜಿನಿಂದ ಸವೆದಿದ್ದರೂ ಒಳಗೆ ಗಟ್ಟಿಯಾಗಿರುತ್ತವೆ, ಏಕೆಂದರೆ ಪೊಲೀಸ್ ಪಿಸ್ತೂಲನ್ನು ವರ್ಷಗಟ್ಟಲೆ ಸೊಂಟದಲ್ಲಿ ಹೊರುತ್ತಾರೆಯೇ ಹೊರತು ದಿನವೂ ಹಾರಿಸುವುದಿಲ್ಲ.

ಆದರೆ ಕಡಿಮೆ ಬೆಲೆಯ ಒಳ್ಳೆಯ ಪಿಸ್ತೂಲು ಕೊಂಡವರು ಎದುರಿಸುವ ಮುಖ್ಯ ತೊಂದರೆಯೊಂದಿದೆ. ಆ ಪಿಸ್ತೂಲನ್ನು ಆರಿಸಿದ್ದು ಒಂದು ಇಲಾಖೆ. ಅದರ ಹಿಡಿ ಸಾವಿರಾರು ಸಿಬ್ಬಂದಿಯ ಕೈಗಳಿಗೆ ಒಂದೇ ಅಳತೆಯಲ್ಲಿ ಸಾಕಾಗಬೇಕೆಂದು ರೂಪುಗೊಂಡದ್ದು. ಕಾವು ಕೈಗೆ ಕೂರದ ಕೊಡಲಿಯನ್ನು ಎಷ್ಟು ಮಸೆದರೂ ಏಟು ಬೇಕಾದಲ್ಲಿ ಬೀಳದಂತೆ, ಹಿಡಿ ಹೊಂದದ ಪಿಸ್ತೂಲಿಗೆ ದುಬಾರಿ ಸೈಟ್ (ಗುರಿ ಹಿಡಿಯುವ ಗುರುತು) ಹಾಕಿಸಿದರೂ ಗುಂಡುಗಳು ಒಂದೆಡೆ ಸೇರುವುದಿಲ್ಲ. ಆದ್ದರಿಂದ ಸೈಟ್, ಸ್ಪ್ರಿಂಗ್, ತೋಟಾ ಇವುಗಳಲ್ಲಿ ಯಾವುದನ್ನು ಬದಲಿಸುವ ಮೊದಲೂ ಹಿಡಿಯನ್ನು ಪರೀಕ್ಷಿಸಬೇಕು, ಮತ್ತು ಆ ಪರೀಕ್ಷೆಯನ್ನು, ಟ್ರಿಗರ್ ಎಳೆತವೊಂದೇ ತೋಟಾ ಸಿಡಿಸುವ ಹ್ಯಾಮರನ್ನು (ಸುತ್ತಿಗೆ) ಹಿಂದಕ್ಕೆತ್ತಿ ಬೀಳಿಸುವ ಡಬಲ್ ಆ್ಯಕ್ಷನ್‌ನ ಉದ್ದವಾದ, ಭಾರವಾದ ಎಳೆತದಲ್ಲಿಯೇ ಮಾಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಪಿಸ್ತೂಲನ್ನು ಸುಮ್ಮನೆ ಹಿಡಿದಾಗ ಸಿಗುವ ಹಿತದ ಅನುಭವ ಟ್ರಿಗರ್ ಎಳೆಯಲು ತೊಡಗಿದ ಕ್ಷಣದಲ್ಲಿ ಎಷ್ಟೋ ಬಾರಿ ಸುಳ್ಳಾಗುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಇದಕ್ಕೂ ಮೊದಲು ಗಮನಿಸಬೇಕಾದ ಒಂದು ಮಾತಿದೆ. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಂತಹ ವಲಸೆಯೇತರ ವೀಸಾದ ಮೇಲೆ ಬಂದಿರುವವರು ಬಂದೂಕು ಹೊಂದುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ; ಊರ್ಜಿತದಲ್ಲಿರುವ ಬೇಟೆ ಪರವಾನಗಿಯಂತಹ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಉಳ್ಳವರಿಗೆ ಈ ತಡೆ ಇಲ್ಲ, ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಗುವುದರಿಂದ ಕೊಳ್ಳುವ ಮೊದಲು, ಬಾಡಿಗೆಗೆ ಪಡೆದು ಹಾರಿಸುವ ಮೊದಲೂ, ವಿಚಾರಿಸಿಕೊಳ್ಳಬೇಕು. ಭಾರತದಲ್ಲಿಯಾದರೋ ಪೊಲೀಸರು ಬಳಸುವ 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರ್ (ನಳಿಗೆಯ ಒಳವ್ಯಾಸ) ವರ್ಗಕ್ಕೆ ಸೇರಿರುವುದರಿಂದ ಸಾಮಾನ್ಯ ಪರವಾನಗಿದಾರರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಹಿಡಿಯಲ್ಲಿ ಏನನ್ನು ನೋಡಬೇಕು

ಗುಂಡು ನಳಿಗೆಯಿಂದ ಹೊರಬೀಳುವ ಮೊದಲೇ ಪಿಸ್ತೂಲು ಹಿಂದಕ್ಕೆ ಒದೆಯಲು ಆರಂಭಿಸಿರುತ್ತದೆ. ನಳಿಗೆ ಕೈಗಿಂತ ಮೇಲಿರುವುದರಿಂದ ಈ ಒದೆತ ನೇರವಾಗಿ ಹಿಂದಕ್ಕೆ ಬರದೆ, ಮಣಿಕಟ್ಟನ್ನು ಕೇಂದ್ರವಾಗಿಸಿಕೊಂಡು ಪಿಸ್ತೂಲಿನ ಬಾಯನ್ನು ಮೇಲಕ್ಕೆ ತಿರುಗಿಸುತ್ತದೆ. ಕೈ ಎಷ್ಟು ಎತ್ತರದಲ್ಲಿ ಕೂರುತ್ತದೆಯೋ ಅಷ್ಟು ಈ ತಿರುಗುವಿಕೆ ಕಡಿಮೆಯಾಗುತ್ತದೆ. ಹಿಡಿಯ ಬೆನ್ನಿನ ಮೇಲ್ತುದಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಿಗೆ ಸರಿಯಾಗಿ ಒತ್ತಿ ಕೂರಬೇಕೆಂದು ಹೇಳುವುದು ಇದಕ್ಕಾಗಿಯೇ. ಕೈ ಎತ್ತರವಾಗಿ ಕೂರಲು ಅನುಕೂಲವೆಂದು ಕಾಣುವ ಹಿಡಿ ಟ್ರಿಗರ್‌ಗೆ ತೋರುಬೆರಳು ತಲುಪದಂತೆ ಮಾಡಿದರೆ ಪ್ರಯೋಜನವಿಲ್ಲ. ಆದ್ದರಿಂದ ಹಿಡಿಯ ಬೆನ್ನಿನಿಂದ ಟ್ರಿಗರ್‌ನ ಮುಖದವರೆಗಿನ ದೂರ ಎರಡನೆಯ, ಮತ್ತು ನನ್ನ ಮಟ್ಟಿಗೆ ಅತಿ ಮುಖ್ಯವಾದ, ಅಳತೆ. ಹಿಡಿ ನಳಿಗೆಗೆ ಯಾವ ಕೋನದಲ್ಲಿ ವಾಲಿದೆ, ಅದರ ಬೆನ್ನು ನೇರವಾಗಿದೆಯೋ ಉಬ್ಬಿದೆಯೋ, ಟ್ರಿಗರ್ ಸುತ್ತಲಿನ ಬಳೆಯಾದ ಟ್ರಿಗರ್ ಗಾರ್ಡ್‌ನ ಹಿಂದೆ ನಡುಬೆರಳು ಕೂರುವ ಜಾಗ ತುಂಬಿದೆಯೋ ಟೊಳ್ಳಾಗಿದೆಯೋ ಎಂಬುವು ಉಳಿದವು.

ಇವು ಸಣ್ಣ ವಿಷಯಗಳಲ್ಲ ಎಂಬುದಕ್ಕೆ ಅಮೆರಿಕದ ಸೈನ್ಯದ 1911 ಪಿಸ್ತೂಲಿನ ತಿದ್ದುಪಡಿಯೇ ಸಾಕ್ಷಿ. 1920ರ ದಶಕದಲ್ಲಿ ಅದನ್ನು 1911ಎ1 ಆಗಿ ಮಾರ್ಪಡಿಸಿದಾಗ ಹಿಡಿಯ ಬೆನ್ನಿನ ಕೆಳಭಾಗವನ್ನು ಉಬ್ಬಿಸಿದರು, ಟ್ರಿಗರ್ ಗಿಡ್ಡ ಮಾಡಿದರು, ಬೆರಳಿಗೆ ಜಾಗವಾಗಲೆಂದು ಟ್ರಿಗರ್‌ನ ಹಿಂದೆ ಚೌಕಟ್ಟನ್ನು ಕೆತ್ತಿದರು, ಹ್ಯಾಮರ್ ಕವಲನ್ನು ಕಚ್ಚದಿರಲೆಂದು ಮೇಲಿನ ಬಾಲವನ್ನು ಉದ್ದ ಮಾಡಿದರು. ಯಂತ್ರದ ಕೆಲಸದಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಇರಲಿಲ್ಲ. ತಿದ್ದಿದ್ದು ಬಹುತೇಕ ಕೈ ತಾಗುವ ಜಾಗಗಳನ್ನೇ.

ಗುಂಡಿಲ್ಲದೆ ಮಾಡುವ ಪರೀಕ್ಷೆ

ಮ್ಯಾಗಜೀನ್ (ತೋಟಾ ತುಂಬುವ ಪೆಟ್ಟಿಗೆ) ತೆಗೆದು, ಸ್ಲೈಡನ್ನು (ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರನ್ನು (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಕಣ್ಣಿನಿಂದ ನೋಡಿ ಬೆರಳಿನಿಂದಲೂ ಮುಟ್ಟಿ ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು; ರಿವಾಲ್ವರ್ ಆದರೆ ಸಿಲಿಂಡರ್ ಹೊರಳಿಸಿ ಎಲ್ಲ ಮನೆಗಳನ್ನೂ ನೋಡಬೇಕು. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿರಬೇಕು, ಪಿಸ್ತೂಲಿನ ಬಾಯಿ ಗುಂಡನ್ನು ತಡೆಯಬಲ್ಲ ಗೋಡೆಯ ಕಡೆಗಿರಬೇಕು. ಚೇಂಬರಿಗೆ ಅಭ್ಯಾಸದ ಹುಸಿ ತೋಟಾ ಹಾಕಿಕೊಳ್ಳುವುದು ಒಳ್ಳೆಯದು.

ಈಗ ಪಿಸ್ತೂಲನ್ನು ಎಡಗೈಯಿಂದ ಬಲಗೈಗೆ ಎತ್ತರವಾಗಿ ಕೂರಿಸಿ, ಮೇಲಿನಿಂದ ನೋಡಿದಾಗ ನಳಿಗೆ ಮತ್ತು ಮುಂದೋಳು ಒಂದೇ ಗೆರೆಯಲ್ಲಿ ಕಾಣುವಂತೆ ಹಿಡಿಯಿರಿ. ಈ ಗೆರೆಯನ್ನು ಕದಲಿಸದೆ ತೋರುಬೆರಳನ್ನು ಟ್ರಿಗರ್ ಮೇಲೆ ಇಡಿ. ಡಬಲ್ ಆ್ಯಕ್ಷನ್ ಪಿಸ್ತೂಲಿನಲ್ಲಿ ಹ್ಯಾಮರ್ ಕೆಳಗಿದ್ದಾಗ ಟ್ರಿಗರ್ ತುಂಬ ಮುಂದಿರುತ್ತದೆ. ಬೆರಳಿನ ತುದಿಯ ದಿಂಡಿನ ನಡುಭಾಗ ಆ ಸ್ಥಿತಿಯಲ್ಲಿಯೂ ತಲುಪಬೇಕು. ರಿವಾಲ್ವರ್‌ನಲ್ಲಿ ಎಳೆತ ಇನ್ನೂ ಭಾರವಾದ್ದರಿಂದ ಮೊದಲ ಗೆಣ್ಣಿನ ಮಡಿಕೆಯವರೆಗೆ ಬೆರಳು ಹೋಗುವುದನ್ನು ಅನೇಕರು ಇಷ್ಟಪಡುತ್ತಾರೆ, ಅದು ಸರಿಯೇ. ತೋರುಬೆರಳಿನ ಬುಡ ಚೌಕಟ್ಟಿಗೆ ಒತ್ತಿಕೊಳ್ಳದೆ ಸ್ವಲ್ಪ ಬೆಳಕು ಕಾಣುವಷ್ಟು ದೂರವಿರಬೇಕು. ಒತ್ತಿಕೊಂಡಿದ್ದರೆ ಟ್ರಿಗರ್ ಎಳೆಯುವಾಗ ಬೆರಳು ಪಿಸ್ತೂಲನ್ನೂ ಜೊತೆಗೆ ಪಕ್ಕಕ್ಕೆ ತಳ್ಳುತ್ತದೆ.

ಬೆರಳು ತಲುಪದಿದ್ದಾಗ ಎಲ್ಲರೂ ಅರಿವಿಲ್ಲದೆ ಮಾಡುವುದು ಒಂದೇ: ಪಿಸ್ತೂಲನ್ನು ಕೈಯೊಳಗೆ ಬಲಗೈ ಹೆಬ್ಬೆರಳಿನ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಆಗ ಬೆರಳು ಟ್ರಿಗರ್ ಮುಟ್ಟುತ್ತದೆ, ಆದರೆ ಒದೆತ ಮುಂದೋಳಿನ ನೇರಕ್ಕೆ ಬಾರದೆ ಹೆಬ್ಬೆರಳಿನ ಬುಡದ ಗೆಣ್ಣಿಗೆ ಬಡಿಯುತ್ತದೆ, ಪ್ರತಿ ಗುಂಡಿಗೂ ಹಿಡಿತ ಸಡಿಲವಾಗುತ್ತದೆ. ಐವತ್ತು ಗುಂಡುಗಳ ನಂತರ ಆ ಗೆಣ್ಣು ನೋಯುತ್ತಿದ್ದರೆ ತೋಟಾ ಹೆಚ್ಚು ಬಲವಾದದ್ದೆಂದು ತೀರ್ಮಾನಿಸುವ ಮೊದಲು ಟ್ರಿಗರ್ ದೂರವನ್ನು ಅಳೆಯಬೇಕು.

ಕೋನದ ಪರೀಕ್ಷೆ ಇನ್ನೂ ಸುಲಭ. ಗೋಡೆಯ ಮೇಲೆ ಒಂದು ಗುರುತು ನೋಡಿ, ಕಣ್ಣು ಮುಚ್ಚಿ, ಪಿಸ್ತೂಲನ್ನು ಎರಡೂ ಕೈಗಳಿಂದ ಎದುರಿಗೆ ಎತ್ತಿ, ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿಗಿಂತ ಮೇಲೆದ್ದು ನಿಂತಿದ್ದರೆ ಹಿಡಿ ನಿಮ್ಮ ಮಣಿಕಟ್ಟಿನ ಅಭ್ಯಾಸಕ್ಕಿಂತ ಹೆಚ್ಚು ವಾಲಿದೆ ಎಂದರ್ಥ, ಕಚ್ಚಿನೊಳಗೆ ಮುಳುಗಿದ್ದರೆ ಕಡಿಮೆ ವಾಲಿದೆ. ಕೋನದ ದೋಷ ಅಭ್ಯಾಸದಿಂದ ತಿದ್ದಿಹೋಗುತ್ತದೆ, ಟ್ರಿಗರ್ ದೂರದ ದೋಷ ಅಭ್ಯಾಸದಿಂದ ಹೋಗುವುದಿಲ್ಲ. ಖರೀದಿಯ ಮುಂಚೆ ಈ ವ್ಯತ್ಯಾಸ ತಿಳಿದಿರಬೇಕು.

ಮಾಡೆಲ್ 10: ಬದಲಿಸಲು ಹೆಚ್ಚು ಅವಕಾಶವಿರುವ ಹಿಡಿ

ಮಿಲಿಟರಿ ಅಂಡ್ ಪೊಲೀಸ್ ಎಂಬ ಹೆಸರಿನಲ್ಲಿ 1899ರಲ್ಲಿ ಹುಟ್ಟಿ, 1957ರಲ್ಲಿ ಮಾಡೆಲ್ 10 ಎಂಬ ಸಂಖ್ಯೆ ಪಡೆದ ಈ .38 ಸ್ಪೆಷಲ್ ರಿವಾಲ್ವರ್‌ನ ಮಧ್ಯಮ ಚೌಕಟ್ಟಿಗೆ ಕೆ-ಫ್ರೇಮ್ ಎಂದು ಹೆಸರು. ಪೊಲೀಸರಿಂದ ಬಂದವುಗಳಲ್ಲಿ ಸಾಮಾನ್ಯವಾಗಿ ಇರುವುದು ಮ್ಯಾಗ್ನಾ ಎಂಬ ಕಿರಿದಾದ ಮರದ ಹಿಡಿ. ಅದರಲ್ಲಿ ಚೌಕಟ್ಟಿನ ಬೆನ್ನಿನ ಉಕ್ಕು ತೆರೆದೇ ಇರುತ್ತದೆ, ಟ್ರಿಗರ್ ಗಾರ್ಡ್‌ನ ಹಿಂದೆ ಆಳವಾದ ಟೊಳ್ಳು ಇರುತ್ತದೆ. ಒರೆಯಲ್ಲಿ ಹೊರಲು ಇದು ಅನುಕೂಲ, ಹಾರಿಸಲು ಅಲ್ಲ. ಎತ್ತರವಾಗಿ ಹಿಡಿದರೆ ನಡುಬೆರಳಿಗೆ ಆಧಾರವಿಲ್ಲದೆ ಗಾರ್ಡ್‌ನ ಹಿಂಬದಿ ಅದರ ಗೆಣ್ಣನ್ನು ಕುಟ್ಟುತ್ತದೆ. ನೋವು ತಪ್ಪಿಸಲು ಕೈಯನ್ನು ಕೆಳಗಿಳಿಸಿದರೆ ಮೊದಲೇ ಎತ್ತರದಲ್ಲಿರುವ ನಳಿಗೆ ಇನ್ನೂ ಎತ್ತರವಾಗಿ, ಒದೆತಕ್ಕೆ ರಿವಾಲ್ವರ್ ಅಂಗೈಯೊಳಗೆ ತಿರುಗುತ್ತದೆ. ಎರಡನೆಯ ಗುಂಡಿನ ಹೊತ್ತಿಗೆ ಕೈ ಇರುವ ಜಾಗವೇ ಬೇರೆ.

ಈ ತಿರುಗುವಿಕೆಗೆ ಮಾಡೆಲ್ 10ರಲ್ಲಿ ಹೆಚ್ಚಿನ ಬೆಲೆ ತೆರಬೇಕಾಗುವುದು ಅದರ ಸೈಟ್‌ಗಳು ಸ್ಥಿರವಾಗಿರುವುದರಿಂದ. ಅವುಗಳನ್ನು ಸಾಮಾನ್ಯವಾಗಿ 158 ಗ್ರೇನ್, ಅಂದರೆ ಸುಮಾರು 10 ಗ್ರಾಂ ತೂಕದ ಗುಂಡಿಗೆ ಹೊಂದಿಸಿರುತ್ತಾರೆ. ಹಗುರವಾದ, ವೇಗದ ಗುಂಡು ನಳಿಗೆಯಲ್ಲಿ ಕಡಿಮೆ ಹೊತ್ತು ಇರುವುದರಿಂದ ಕೆಳಗೆ ತಾಗುತ್ತದೆ. ಹಿಡಿತದ ಎತ್ತರ ಬದಲಾದಾಗಲೂ ಹಾಗೆಯೇ ತಾಗುವ ಜಾಗ ಮೇಲೆ ಕೆಳಗೆ ಸರಿಯುತ್ತದೆ, ಸರಿಪಡಿಸಲು ಸೈಟ್‌ನಲ್ಲಿ ತಿರುಪು ಇಲ್ಲ. ಆದ್ದರಿಂದ ಮೊದಲು ಹಿಡಿಯನ್ನು ನಿರ್ಧರಿಸಿ, ಆ ಹಿಡಿಗೆ ತೋಟಾ ಆರಿಸಬೇಕು. ಈ ಕ್ರಮ ತಿರುವುಮುರುವಾದರೆ ಕೆಲಸ ಎರಡು ಬಾರಿ ಮಾಡಬೇಕಾಗುತ್ತದೆ.

ಪರಿಹಾರಗಳಲ್ಲಿ ನಾನು ಮೊದಲು ಸೂಚಿಸುವುದು ಟೈಲರ್ ಟಿ-ಗ್ರಿಪ್ ಎಂಬ ಸಣ್ಣ ಲೋಹದ ತುಂಡನ್ನು. ಮರದ ಹಲಗೆಗಳನ್ನು ಬಿಚ್ಚಿ, ಅದರ ತಗಡಿನ ಕಿವಿಗಳನ್ನು ಹಲಗೆಗಳ ಅಡಿಯಲ್ಲಿ ಸೇರಿಸಿ ಮತ್ತೆ ಬಿಗಿದರೆ ಟ್ರಿಗರ್ ಗಾರ್ಡ್‌ನ ಹಿಂದಿನ ಟೊಳ್ಳು ಮಾತ್ರ ತುಂಬುತ್ತದೆ. ಬೆನ್ನು ತೆರೆದೇ ಇರುವುದರಿಂದ ಟ್ರಿಗರ್ ದೂರ ಒಂದಿಷ್ಟೂ ಹೆಚ್ಚುವುದಿಲ್ಲ, ಮೂಲ ಹಲಗೆಗಳೂ ಉಳಿಯುತ್ತವೆ. ಸಣ್ಣ ಅಥವಾ ಮಧ್ಯಮ ಕೈಯವರಿಗೆ ಇದಕ್ಕಿಂತ ಮೇಲಾದದ್ದು ಬೇಕಾಗುವುದು ಅಪರೂಪ.

ರಬ್ಬರ್ ಹಿಡಿಗಳಲ್ಲಿ ಎರಡು ಬಗೆಯಿದ್ದು, ವ್ಯತ್ಯಾಸ ತಿಳಿಯದೆ ಕೊಳ್ಳಬಾರದು. ಚೌಕಟ್ಟಿನ ಬೆನ್ನನ್ನೂ ಮುಚ್ಚುವ ಬಗೆ ಒದೆತವನ್ನು ಮೆತ್ತಗೆ ಮಾಡುತ್ತದೆ, ಆದರೆ ರಬ್ಬರಿನ ದಪ್ಪದಷ್ಟು ಕೈಯನ್ನು ಟ್ರಿಗರ್‌ನಿಂದ ಹಿಂದಕ್ಕೆ ತಳ್ಳುತ್ತದೆ. ಬೆನ್ನನ್ನು ತೆರೆದಿಡುವ ಬಗೆ ದೂರವನ್ನು ಹೆಚ್ಚಿಸದೆ ಮುಂಬದಿಯನ್ನು ತುಂಬುತ್ತದೆ. ಉದ್ದ ಬೆರಳಿನವರಿಗೆ ಮೊದಲನೆಯದು, ಗಿಡ್ಡ ಬೆರಳಿನವರಿಗೆ ಎರಡನೆಯದು. ಕೆಳಗೆ ಅಗಲವಾಗುತ್ತಾ ಹೋಗುವ ದೊಡ್ಡ ಟಾರ್ಗೆಟ್ ಮರದ ಹಿಡಿಗಳು ನೋಡಲು ಬಹಳ ಚೆಂದ. ಆದರೆ ಉಂಗುರ ಬೆರಳು ಮತ್ತು ಕಿರುಬೆರಳು ಇರುವ ಕೆಳಭಾಗದಲ್ಲಿಯೇ ಹಿಡಿ ಅತಿ ದಪ್ಪವಾಗಿರುವುದು ಕೈಯ ರಚನೆಗೆ ವಿರುದ್ಧವಾದದ್ದು, ಸಣ್ಣ ಕೈಯವರು ಅವುಗಳ ಆಸೆಯನ್ನು ಬಿಡಬೇಕು. ಕೊಳ್ಳುವಾಗ ಚೌಕಟ್ಟಿನ ಬುಡ ಚೌಕವೋ ದುಂಡೋ ನೋಡಿಕೊಳ್ಳಿ. ಕೆ-ಫ್ರೇಮ್ ಹಿಡಿ ಎಲ್-ಫ್ರೇಮ್‌ಗೆ ಹೊಂದುತ್ತದೆ, ಅದೇ ಕಂಪನಿಯ ಚಿಕ್ಕ ಜೆ ಅಥವಾ ದೊಡ್ಡ ಎನ್ ಚೌಕಟ್ಟಿಗೆ ಹೊಂದುವುದಿಲ್ಲ. ಎಡ ಹಲಗೆಯ ಮೇಲ್ಭಾಗ ಹೆಚ್ಚು ದಪ್ಪವಿದ್ದರೆ ಹಾರಿಸಿದ ತೋಟಾಗಳ ಖಾಲಿ ಕೋಶಗಳು ಹೊರಬೀಳುವಾಗ ಅದಕ್ಕೆ ತಡೆಯುತ್ತವೆ, ಅದನ್ನೂ ಹೊಸ ಹಿಡಿ ಹಾಕಿದ ದಿನವೇ ಪರೀಕ್ಷಿಸಬೇಕು.

ರಿವಾಲ್ವರ್ ಹಿಡಿಯುವಾಗ ಎಡಗೈ ಹೆಬ್ಬೆರಳನ್ನು ಬಲಗೈ ಹೆಬ್ಬೆರಳಿನ ಮೇಲೆ ಒತ್ತಿ ಹಿಡಿಯಿರಿ. ಅರೆಸ್ವಯಂಚಾಲಿತ ಪಿಸ್ತೂಲಿನ ಅಭ್ಯಾಸದಲ್ಲಿ ಹೆಬ್ಬೆರಳುಗಳನ್ನು ಮುಂದಕ್ಕೆ ಚಾಚಿದರೆ ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನಿಂದ ಚಿಮ್ಮುವ ಬಿಸಿ ಅನಿಲ ಬೆರಳನ್ನು ಸುಟ್ಟು ಗಾಯಗೊಳಿಸುತ್ತದೆ.

ಪಿ6, 5906, ಪಿ7

1970ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಪೊಲೀಸರು 9 ಮಿ.ಮೀ. ಪಿಸ್ತೂಲಿಗಾಗಿ ಹೊಸ ನಿಯಮಾವಳಿ ರೂಪಿಸಿದಾಗ ಅದಕ್ಕೆ ಉತ್ತರವಾಗಿ ಬಂದ ಪಿಸ್ತೂಲುಗಳಲ್ಲಿ ಸಿಗ್ ಸವರ್ ಪಿ225 ಒಂದು. ಪೊಲೀಸ್ ಸೇವೆಯಲ್ಲಿ ಅದರ ಹೆಸರು ಪಿ6. ಎಂಟು ತೋಟಾಗಳ ಒಂಟಿ ಸಾಲಿನ ಮ್ಯಾಗಜೀನ್ ಇರುವುದರಿಂದ ಹಿಡಿ ತೆಳ್ಳಗೆ, ಮುಂಬದಿ ಹದವಾಗಿ ಬಾಗಿದೆ. ಸೇವೆ ಮುಗಿಸಿದ ಡಬಲ್ ಆ್ಯಕ್ಷನ್ ಪಿಸ್ತೂಲುಗಳಲ್ಲಿ ಬೇರೆ ಬೇರೆ ಅಳತೆಯ ಕೈಗಳಿಗೆ ಇಷ್ಟು ಸಹಜವಾಗಿ ಕೂರುವ ಇನ್ನೊಂದನ್ನು ನಾನು ಹೆಸರಿಸಲಾರೆ. ಆದರೆ ಮೊದಲ ಎಳೆತ ಉದ್ದ ಮತ್ತು ಭಾರ, ನಂತರದವು ಗಿಡ್ಡ ಮತ್ತು ಹಗುರ. ಮೊದಲ ಗುಂಡಿಗೆ ಸರಿಹೊಂದಿದ ಬೆರಳು ಎರಡನೆಯ ಗುಂಡಿಗೆ ಟ್ರಿಗರ್‌ನಲ್ಲಿ ಹೆಚ್ಚು ಒಳಗೆ ಹೋಗಿರುತ್ತದೆ. ಬೆರಳನ್ನು ಸರಿಸಿಕೊಳ್ಳಬೇಕೇ ಹೊರತು ಹಿಡಿತವನ್ನಲ್ಲ. ಇನ್ನೊಂದು ವಿಷಯ: ಇದರ ಸ್ಲೈಡ್ ತಡೆಯುವ ಸನ್ನೆ (ಲಿವರ್) ಹಿಂದಕ್ಕೆ, ಹೆಬ್ಬೆರಳು ಸಹಜವಾಗಿ ಕೂರುವಲ್ಲಿಯೇ ಇದೆ. ಕೊನೆಯ ಗುಂಡಿನ ನಂತರ ಸ್ಲೈಡ್ ತೆರೆದು ನಿಲ್ಲದಿದ್ದರೆ ಪಿಸ್ತೂಲು ಕೆಟ್ಟಿದೆಯೆಂದು ಭಾವಿಸುವ ಮೊದಲು ಹೆಬ್ಬೆರಳು ಆ ಸನ್ನೆಯ ಮೇಲೆ ಒತ್ತಿದೆಯೇ ನೋಡಿ. ಪಕ್ಕದ ಹಲಗೆಗಳನ್ನು ಬದಲಿಸುವಾಗ ಬಲಗಡೆಯದನ್ನು ನಿಧಾನವಾಗಿ ತೆಗೆಯಬೇಕು, ಟ್ರಿಗರ್ ಸರಳಿನ ಸ್ಪ್ರಿಂಗ್ ಅದರ ಅಡಿಯಲ್ಲಿದ್ದು ಜಾಗ ತಪ್ಪಬಹುದು.

ಸ್ಮಿತ್ ಅಂಡ್ ವೆಸನ್ 5906 ಎರಡು ಸಾಲಿನ ಮ್ಯಾಗಜೀನಿನ, ಸ್ಟೇನ್‌ಲೆಸ್ ಉಕ್ಕಿನ ಭಾರವಾದ ಪಿಸ್ತೂಲು. ಅದರ ಹಿಡಿ ಹಿಂದಿನಿಂದ ಸುತ್ತಿಕೊಳ್ಳುವ ಒಂದೇ ಅಚ್ಚಿನ ಪ್ಲಾಸ್ಟಿಕ್ ತುಂಡು, ಮತ್ತು ಅದು ನೇರ ಬೆನ್ನು, ಉಬ್ಬು ಬೆನ್ನು ಎಂಬ ಎರಡು ಆಕಾರಗಳಲ್ಲಿ ಸಿಗುತ್ತದೆ. ಕಣ್ಣು ಮುಚ್ಚಿ ಎತ್ತಿದಾಗ ಮುಂದಿನ ಸೈಟ್ ಮುಳುಗಿದ್ದರೆ ಉಬ್ಬು ಬೆನ್ನು, ಮೇಲೆದ್ದಿದ್ದರೆ ನೇರ ಬೆನ್ನು ಎಂಬಷ್ಟು ಸರಳ ಆಯ್ಕೆ ಇದು. ಹಿಡಿಯನ್ನು ಕಳಚಲು ಬುಡದ ಪಿನ್ ಹೊಡೆದು ತೆಗೆಯಬೇಕು. ಹ್ಯಾಮರ್‌ನ ಸ್ಪ್ರಿಂಗ್ ಅಲ್ಲಿ ಒತ್ತಿ ಕೂತಿರುವುದರಿಂದ ಕನ್ನಡಕ ಧರಿಸಿ, ಬುಡವನ್ನು ಅಂಗೈಯಿಂದ ಅದುಮಿಕೊಂಡು ಮಾಡಿ, ಇಲ್ಲವೇ ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್‌ಗೆ ಕೊಡಿ.

ಪಿ7ರಲ್ಲಿ ಹಿಡಿಯೇ ಯಂತ್ರದ ಒಂದು ಭಾಗ. ಹಿಡಿಯ ಮುಂಬದಿಯನ್ನು ಅದುಮಿದಾಗ ಮಾತ್ರ ಪಿಸ್ತೂಲು ಸಜ್ಜಾಗುತ್ತದೆ. ಅದುಮಲು ಸುಮಾರು 7 ಕಿಲೋ ಬಲ ಬೇಕು, ಒಮ್ಮೆ ಅದುಮಿದ ಮೇಲೆ ಹಾಗೆಯೇ ಹಿಡಿದಿರಲು ಅದರ ಹತ್ತನೆಯ ಒಂದು ಭಾಗದಷ್ಟು ಸಾಕು. ನಳಿಗೆಗೆ 110 ಡಿಗ್ರಿ ಕೋನದಲ್ಲಿರುವ ಹಿಡಿ, ಕೈಗೆ ತೀರ ಹತ್ತಿರವಿರುವ ನಳಿಗೆ ಇವುಗಳಿಂದ ಅದು ಗುರಿಯತ್ತ ತಾನಾಗಿ ನೆಟ್ಟು ನಿಲ್ಲುತ್ತದೆ. ಗುಂಡು ಕೆಳಗೆ ಬೀಳುತ್ತಿದ್ದರೆ ಕಾರಣ ಬಹುಪಾಲು ಹಿಡಿಯನ್ನೂ ಟ್ರಿಗರನ್ನೂ ಒಟ್ಟಿಗೆ ಅದುಮುವುದು. ಮೂರು ಬೆರಳುಗಳು ಮೊದಲು ಪೂರ್ತಿ ಅದುಮಿ ನಿಲ್ಲಲಿ, ತೋರುಬೆರಳು ಆಮೇಲೆ ಚಲಿಸಲಿ.

ಗ್ಲಾಕ್ 22

1990ರಲ್ಲಿ ಬಂದ ಈ ಪಿಸ್ತೂಲಿನಲ್ಲಿ ಎಲ್ಲ ಎಳೆತಗಳೂ ಒಂದೇ ಬಗೆಯವು, ಆದ್ದರಿಂದ ಡಬಲ್ ಆ್ಯಕ್ಷನ್‌ನ ತೊಡಕಿಲ್ಲ. ತೊಡಕು ಇರುವುದು ಹಿಡಿ ಚೌಕಟ್ಟಿನ ಜೊತೆ ಒಂದೇ ಅಚ್ಚಿನಲ್ಲಿ ಎರಕವಾಗಿರುವುದರಲ್ಲಿ. ಪೊಲೀಸರಿಂದ ಬರುವವುಗಳಲ್ಲಿ ಹೇರಳವಾಗಿರುವ ಮೂರನೆಯ ತಲೆಮಾರಿನ ಮಾದರಿಯ ಮುಂಬದಿಯಲ್ಲಿ ಬೆರಳು ಕೂರುವ ತೋಡುಗಳಿವೆ. ನಿಮ್ಮ ಬೆರಳುಗಳು ಅವುಗಳ ದಿಣ್ಣೆಗಳ ಮೇಲೆ ಕೂತರೆ ಕೈ ಬಲವಂತವಾಗಿ ಕೆಳಗಿಳಿಯುತ್ತದೆ. 2010ರಲ್ಲಿ ಬಂದ ನಾಲ್ಕನೆಯ ತಲೆಮಾರಿನಲ್ಲಿ ಹಿಡಿಯ ಬೆನ್ನಿಗೆ ಬದಲಿಸಬಹುದಾದ ತುಂಡುಗಳಿವೆ, ಐದನೆಯ ತಲೆಮಾರಿನಲ್ಲಿ ಬೆರಳಿನ ತೋಡುಗಳನ್ನೇ ತೆಗೆದುಹಾಕಿದ್ದಾರೆ. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸವಿದ್ದರೆ ಮೂರನೆಯದನ್ನು ಬಿಟ್ಟು ನಾಲ್ಕನೆಯದನ್ನು ಕೊಳ್ಳಿ. ಮೇಲೆ ಎಳೆದು ಹಾಕುವ ರಬ್ಬರ್ ತೋಳು ಬೆವರಿನ ಕೈಗೆ ಹಿಡಿತ ಕೊಡುತ್ತದೆ, ಆದರೆ ಸುತ್ತಳತೆಯನ್ನೂ ಟ್ರಿಗರ್ ದೂರವನ್ನೂ ಹೆಚ್ಚಿಸುತ್ತದೆ. ದಿಣ್ಣೆಗಳನ್ನು ಉಜ್ಜಿ ತೆಗೆಸುವವರಿದ್ದಾರೆ. ಒಮ್ಮೆ ಉಜ್ಜಿದ್ದು ಮರಳಿ ಬಾರದಾದ್ದರಿಂದ ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಬೇಕು. 1911 ಬಳಸಿ ಅಭ್ಯಾಸವಾದವರಿಗೆ ಗ್ಲಾಕ್‌ನ ಹೆಚ್ಚು ವಾಲಿದ ಹಿಡಿ ಮುಂದಿನ ಸೈಟನ್ನು ಮೇಲೆತ್ತಿ ತೋರಿಸುತ್ತದೆ. ಎಡಗೈ ಮಣಿಕಟ್ಟನ್ನು ಮುಂದಕ್ಕೆ ಬಾಗಿಸಿ ಬಿಗಿ ಹಿಡಿಯುವುದನ್ನು ದಿನವೂ ಸ್ವಲ್ಪ ಹೊತ್ತು ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿದರೆ ಇದು ಸರಿಹೋಗುತ್ತದೆ.

ಗುಂಡಿನ ಪರೀಕ್ಷೆ

ಕಣ್ಣು ಮತ್ತು ಕಿವಿಗಳಿಗೆ ರಕ್ಷಣೆ ಧರಿಸಿ, 7 ಮೀಟರ್ ದೂರದಲ್ಲಿ ಎರಡು ಗುರಿಹಾಳೆಗಳನ್ನು ಅಕ್ಕಪಕ್ಕದಲ್ಲಿ ಇಡಿ. ಪರೀಕ್ಷೆಯುದ್ದಕ್ಕೂ ಒಂದೇ ಬಗೆಯ ತೋಟಾ ಬಳಸಬೇಕು. ಡಬಲ್ ಆ್ಯಕ್ಷನ್ ಇರುವ ಪಿಸ್ತೂಲಾದರೆ ಎಡ ಹಾಳೆಗೆ ಐದು ಗುಂಡುಗಳನ್ನು ಡಬಲ್ ಆ್ಯಕ್ಷನ್‌ನಲ್ಲಿಯೇ ಹಾರಿಸಿ. ಪಿ6 ಅಥವಾ 5906ರಲ್ಲಿ ಪ್ರತಿ ಗುಂಡಿನ ನಂತರ ಬಾಯಿ ಗುರಿಯತ್ತಲೇ ಇರುವಂತೆ, ಬೆರಳು ಟ್ರಿಗರ್‌ನಿಂದ ಹೊರಗಿರುವಂತೆ, ಡಿಕಾಕ್ ಸನ್ನೆಯಿಂದ ಹ್ಯಾಮರನ್ನು ಇಳಿಸಬೇಕು. 5906ರಲ್ಲಿ ಆ ಸನ್ನೆಯನ್ನು ಮತ್ತೆ ಮೇಲೆತ್ತಿ ಇಡಬೇಕು. ಬಲ ಹಾಳೆಗೆ ಹ್ಯಾಮರ್ ಎತ್ತಿದ ಸ್ಥಿತಿಯಲ್ಲಿ ಐದು. ಎರಡೂ ಗುಂಪುಗಳು ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಸೈಟ್ ಅಥವಾ ತೋಟಾ ಕಾರಣವಾಗಿರಬಹುದು. ಹ್ಯಾಮರ್ ಎತ್ತಿದಾಗ ನಡುವಿಗೆ ಬಿದ್ದು, ಡಬಲ್ ಆ್ಯಕ್ಷನ್‌ನಲ್ಲಿ ಮಾತ್ರ ಎಡಕ್ಕೆ ಸರಿದರೆ ಬಲಗೈಯವರ ಮಟ್ಟಿಗೆ ಮೊದಲ ಅನುಮಾನ ಟ್ರಿಗರ್ ದೂರದ ಮೇಲೆ ಬರಬೇಕು: ಬೆರಳಿನ ತುದಿಯಷ್ಟೇ ತಲುಪಿ ಟ್ರಿಗರನ್ನು ಪಕ್ಕಕ್ಕೆ ತಳ್ಳುತ್ತಿದೆ. ಬಲಕ್ಕೆ ಸರಿದರೆ ಬೆರಳು ಹೆಚ್ಚು ಒಳಗೆ ಹೋಗಿದೆ, ಹಿಡಿ ಕೈಗೆ ಚಿಕ್ಕದಾಗಿದೆ. ಎಡಗೈಯವರಿಗೆ ಇದು ಅದಲುಬದಲು. ಗುಂಡುಗಳು ಒಂದರ ಮೇಲೊಂದು ಕಂಬದಂತೆ ನಿಂತರೆ ಒಂದೊಂದು ಗುಂಡಿಗೂ ಕೈಯ ಎತ್ತರ ಅಥವಾ ಬಿಗಿತ ಬೇರೆಯಾಗುತ್ತಿದೆ, ಅಂದರೆ ಹಿಡಿ ಅಂಗೈಯಲ್ಲಿ ಜಾರುತ್ತಿದೆ.

ಇದರ ನಂತರ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ತೋಟಾದಲ್ಲಿ ಅದೇ ಎರಡು ಗುಂಪುಗಳನ್ನು ಮತ್ತೆ ಹಾರಿಸಿ, ಹಳೆಯ ಹಾಳೆಗಳ ಜೊತೆ ಹೋಲಿಸಬೇಕು. ಹಾಳೆಯ ಮೂಲೆಯಲ್ಲಿ ಹಿಡಿಯ ಬಗೆ, ತೋಟಾದ ತೂಕ, ದೂರ ಇವನ್ನು ಬರೆದಿಡಿ. ತೆಗೆದ ಮೂಲ ಹಲಗೆಗಳನ್ನೂ ತಿರುಪುಗಳನ್ನೂ ಎಸೆಯದೆ ಒಂದು ಚೀಲದಲ್ಲಿ ಹಾಕಿ ಇಡಬೇಕು. ಇಲಾಖೆಯ ಗುರುತು ಇರುವ ಪಿಸ್ತೂಲಿಗೆ ಸೇವೆಯ ಕಾಲದ ಹಿಡಿಯೂ ಜೊತೆಗಿದ್ದರೆ ಮುಂದೆ ಮಾರುವಾಗ ಬೆಲೆ ಉಳಿಯುತ್ತದೆ.